ಟೂ ಸ್ಟ್ರೋಕ್ ಮೆಷಿನ್ ಎಂದಿಗಿಂತ ಜೋರಾಗಿ ಓಡುತ್ತಿದೆಯಾ? ಹಾಗಾದರೆ ಮೊದಲು ಆಫ್ ಮಾಡಿ

ಮೊದಲು ನನ್ನ ಪೆದ್ದತನ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ, ಅಡಿಕೆ ಕೊನೆಕೊಯ್ಲು ಶುರುವಾಗುವ ಮುಂಚೆ ತೋಟದ ಹುಲ್ಲು ಹೊಡೆಸುತ್ತಿದ್ದೆ. ಹೊಡೆಯುತ್ತಿದ್ದ ಹುಡುಗ ಹತ್ತು ಗಂಟೆಗೆ ಚಹಾ ಕುಡಿಯಲು ಬಂದವನು "ಅಣ್ಣಾ, ಇವತ್ತು ಮೆಷಿನ್ ಎಂಥಾ ಎಳೀತದೆ ಮಾರಾಯ್ರೆ" ಅಂದ. ನನಗೂ ಖುಷಿ. ಹನ್ನೊಂದರ ಹೊತ್ತಿಗೆ ಜಗಲಿಯಲ್ಲಿ ಕೂತಿದ್ದೆ, ತೋಟದಿಂದ ಸದ್ದು ಕೇಳುತ್ತಿತ್ತು. ದಪ್ಪ ಸ್ವರ ಹೋಗಿ ಕೀಂ ಅಂತ ತೆಳ್ಳಗಾಯಿತು, ಮೇಲೇರಿತು, ಏರಿ ಏರಿ ಒಮ್ಮೆಲೇ ನಿಂತಿತು. ಹೋಗಿ ಹಗ್ಗ ಎಳೆದರೆ ಬರಲೇ ಇಲ್ಲ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಬಿಚ್ಚಿ ನೋಡಿದಾಗ ಸಿಕ್ಕಿದ್ದು ಏನು ಗೊತ್ತಾ? ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರನ್ನು ಹಿಡಿದಿರುವ ಎರಡು ಬೋಲ್ಟಿನಲ್ಲಿ ಒಂದು ಸಡಿಲ. ಅಷ್ಟೇ. ಅದಕ್ಕಿಂತ ನಾಚಿಕೆಯ ವಿಷಯ ಅಂದರೆ ಹಿಂದಿನ ದಿನವೇ ಐಡ್ಲಿಂಗ್ ಏರುಪೇರಾಗುತ್ತಿತ್ತು, ನಾನು ಸ್ಕ್ರೂಡ್ರೈವರ್ ತಂದು ಕಾರ್ಬುರೇಟರ್ ಸ್ಕ್ರೂ ಅತ್ತ ಇತ್ತ ತಿರುಗಿಸಿ "ಸರಿ ಮಾಡಿ" ಕೊಟ್ಟಿದ್ದೆ. ಆದ್ದರಿಂದ ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಂಡರೂ ಸಾಕು: ನಿನ್ನೆ ಚೆನ್ನಾಗಿದ್ದ ಮೆಷಿನ್ ಇವತ್ತು ಲೀನ್ ಆಗಿದ್ದರೆ ಸ್ಕ್ರೂ ತಾನಾಗಿ ತಿರುಗಿಲ್ಲ. ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ, ಇಲ್ಲಾ ಪೆಟ್ರೋಲ್ ಬರುವ ದಾರಿ ಕಟ್ಟಿದೆ. ಅದನ್ನು ಹುಡುಕುವ ತನಕ ಸ್ಕ್ರೂ ಮುಟ್ಟಬೇಡಿ.

ಲೀನ್ ಅಂದರೆ ಏನು, ಟೂ ಸ್ಟ್ರೋಕಿಗೆ ಯಾಕೆ ಅಷ್ಟು ಕೆಟ್ಟದ್ದು

ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಇದೇ ಲೀನ್. ಬೈಕಿನ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಆಯಿಲ್ ಕೆಳಗೆ ಬೇರೆಯೇ ಇರುತ್ತದೆ, ಹಾಗಾಗಿ ಸ್ವಲ್ಪ ಲೀನ್ ಆದರೂ ಮಿಸುಕಾಡಿಕೊಂಡು ಓಡುತ್ತದೆ. ನಮ್ಮ ಹುಲ್ಲು ಹೊಡೆಯುವ ಮೆಷಿನ್, ಚೈನ್ ಸಾ, ಬೆನ್ನಿಗೆ ಕಟ್ಟುವ ಸ್ಪ್ರೇಯರ್ ಇವುಗಳಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಮ್ಮಿಯಾದರೆ ಆಯಿಲ್ಲೂ ಕಮ್ಮಿ. ಇನ್ನೊಂದು ವಿಷಯ ಜನ ಮರೆಯುತ್ತಾರೆ: ಒಳಗೆ ಹೋಗುವ ಪೆಟ್ರೋಲ್ ಆವಿಯಾಗುವಾಗ ಕ್ರ್ಯಾಂಕ್‌ಕೇಸಿನ (ಪಿಸ್ಟನ್ ಕೆಳಗಿನ ಕೋಣೆ) ಮತ್ತು ಪಿಸ್ಟನ್ ಅಡಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅಂದರೆ ಪೆಟ್ರೋಲೇ ಅರ್ಧ ತಂಪು. ಅದು ತಪ್ಪಿದಾಗ ಅಲ್ಯೂಮಿನಿಯಂ ಪಿಸ್ಟನ್ ಊದಿಕೊಂಡು ಗೋಡೆಗೆ ಉಜ್ಜಲು ಶುರು ಮಾಡುತ್ತದೆ. ನಿಮಿಷಗಳ ಕೆಲಸ.

ಮೋಸ ಎಲ್ಲಿ ಅಂದರೆ, ಲೀನ್ ಆಗುವ ಇಂಜಿನ್ ಮೊದಮೊದಲು ಚುರುಕಾಗಿ ಓಡುತ್ತದೆ. ಹೊಗೆ ಕಮ್ಮಿ, ಸದ್ದು ಶುದ್ಧ, ಎಳೆತ ಜೋರು.

ಮೊದಲು ಕಿವಿ

ಬಿಚ್ಚುವ ಮೊದಲು ಕೇಳಿ. ಟ್ಯಾಂಕ್ ಖಾಲಿಯಾಗುವ ಕೊನೆಯ ಐದಾರು ಸೆಕೆಂಡ್ ಮೆಷಿನ್ ಸ್ವರ ಏರಿಸಿ ನಿಲ್ಲುತ್ತದಲ್ವಾ, ಅದೇ ಲೀನ್ ಸ್ವರ. ಒಮ್ಮೆ ಬೇಕಂತಲೇ ಗಮನ ಕೊಟ್ಟು ಕೇಳಿದರೆ ಆಮೇಲೆ ಮರೆಯುವುದಿಲ್ಲ. ಸರಿಯಾಗಿ ಟ್ಯೂನ್ ಆದ ಮೆಷಿನ್ ಹುಲ್ಲಿಗೆ ತಾಗಿಸದೆ ಪೂರ್ತಿ ರೇಸ್ ಕೊಟ್ಟಾಗ ಸ್ವಲ್ಪ ಬುರ್ರ್‌ಬುರ್ರ್ ಅಂತ ಒಡೆದ ಸ್ವರ ಬರಬೇಕು, ಹುಲ್ಲಿಗೆ ತಾಗಿಸಿದ ತಕ್ಷಣ ಆ ಒಡಕು ಹೋಗಿ ನೇರವಾಗಬೇಕು. ಖಾಲಿ ಓಡುವಾಗಲೂ ಒಡಕೇ ಇಲ್ಲದೆ ಕಿರುಚುತ್ತಿದ್ದರೆ ಅನುಮಾನ ಪಡಿ.

ಎರಡನೆಯದು, ರೇಸ್ ಬಿಟ್ಟಾಗ ಏನಾಗುತ್ತದೆ ನೋಡಿ. ಬಿಟ್ಟ ಕೂಡಲೇ ಐಡ್ಲಿಂಗಿಗೆ ಇಳಿಯಬೇಕು. ಇಳಿಯದೆ ಮೂರ್ನಾಲ್ಕು ಸೆಕೆಂಡ್ ಮೇಲೆಯೇ ತೂಗಾಡಿ ಆಮೇಲೆ ಇಳಿದರೆ ಅದು ಲೀನ್‌ನ ಸ್ಪಷ್ಟ ಗುರುತು. ಆದರೆ ಮೊದಲು ರೇಸ್ ಕೇಬಲ್ ಎಲ್ಲಾದರೂ ಸಿಕ್ಕಿಕೊಂಡಿದೆಯಾ ನೋಡಿ. ಕೇಬಲ್ಲಿನ ತಪ್ಪಿಗೆ ಕಾರ್ಬುರೇಟರ್ ಬಿಚ್ಚಿದವರನ್ನು ನೋಡಿದ್ದೇನೆ. ಐಡ್ಲಿಂಗ್ ತಾನಾಗಿ ಏರುವುದು ಇಳಿಯುವುದು, ರೇಸ್ ಕೊಟ್ಟಾಗ ಒಮ್ಮೆ ಮುಗ್ಗರಿಸಿ ಆಮೇಲೆ ಏಳುವುದು, ಬಿಸಿಯಾದ ಮೇಲೆ ನಿಂತುಹೋಗುವುದು, ಇವೂ ಅದೇ ಕುಟುಂಬದವು.

ಈಗ ನನ್ನ ಮೆಚ್ಚಿನ ಪರೀಕ್ಷೆ. ಮೆಷಿನ್ ಬಿಸಿಯಾಗಿದೆ, ಹುಲ್ಲು ಹೊಡೆಯುತ್ತಾ ಇದ್ದೀರಿ. ಆಗ ಚೋಕ್ ಲಿವರನ್ನು ಒಂದು ಕೂದಲೆಳೆಯಷ್ಟು ಮುಚ್ಚಿ ನೋಡಿ. ಒಂದು ಕೈ ಹ್ಯಾಂಡಲ್ ಬಿಡಬೇಕಾಗುವುದರಿಂದ ಇದನ್ನು ಇನ್ನೊಬ್ಬರ ಕೈಲಿ ಮಾಡಿಸಿ, ಅವರು ಬ್ಲೇಡಿನ ಕಡೆ ನಿಲ್ಲದೆ ನಿಮ್ಮ ಹಿಂದೆ ನಿಲ್ಲಲಿ. ಚೋಕ್ ಮುಚ್ಚಿದಾಗ ಗಾಳಿ ಕಮ್ಮಿಯಾಗುತ್ತದೆ. ಮೆಷಿನ್ ಮುಗ್ಗರಿಸಿ ಉಸಿರು ಕಟ್ಟಿದಂತಾದರೆ ನಿಮ್ಮದು ಲೀನ್ ಅಲ್ಲ. ಅದರ ಬದಲು "ಅಬ್ಬ" ಅಂತ ಚೇತರಿಸಿಕೊಂಡು ಇನ್ನೂ ಚೆನ್ನಾಗಿ ಎಳೆದರೆ ಖಂಡಿತ ಲೀನ್. ಅಲ್ಲೇ ಆಫ್ ಮಾಡಿ. ಅರ್ಧ ಚೋಕಿನಲ್ಲೇ ಇಡೀ ದಿನ ಓಡಿಸುವವರು ಊರಿಗೊಬ್ಬರು ಇರುತ್ತಾರೆ, ಅವರ ಸಿಲಿಂಡರ್ ಕಿಟ್ ವರ್ಷಕ್ಕೊಂದು.

ಮತ್ತೆ ಓರೆ ಮಾಡುವುದು. ಐಡ್ಲಿಂಗಿನಲ್ಲಿಟ್ಟು ಮೆಷಿನ್ನನ್ನು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ವಾಲಿಸಿ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪೆಟ್ರೋಲ್ ಇರಲಿ, ಇಲ್ಲದಿದ್ದರೆ ಸುಮ್ನೆ ಗೊಂದಲ. ಯಾವುದೋ ಒಂದು ಬದಿಗೆ ವಾಲಿಸಿದಾಗ ಮಾತ್ರ ಸ್ವರ ಏರಿದರೆ ಕ್ರ್ಯಾಂಕಿನ ಆಯಿಲ್ ಸೀಲ್ (ಶಾಫ್ಟ್ ಸುತ್ತ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆ) ಮೇಲೆ ನನ್ನ ಕಣ್ಣು. ಬೇರಿಂಗ್ ಸವೆದು ಶಾಫ್ಟ್ ಅಲುಗಾಡಿದರೆ ಸೀಲಿನ ತುಟಿ ಒಂದು ಕಡೆ ಬಾಯಿ ಬಿಡುತ್ತದೆ.

ದುಡ್ಡು ಖರ್ಚಿಲ್ಲದ್ದನ್ನು ಮೊದಲು ನೋಡಿ

ಟ್ಯಾಂಕ್ ಮುಚ್ಚಳದಿಂದ ಶುರು ಮಾಡಿ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ಅದಕ್ಕೆ ಮುಚ್ಚಳದಲ್ಲೋ ಪಕ್ಕದ ಸಣ್ಣ ಪೈಪಿನಲ್ಲೋ ಒಂದು ಉಸಿರು ದಾರಿ ಇರುತ್ತದೆ. ಧೂಳು, ಹುಲ್ಲಿನ ರಸ ಸೇರಿ ಅದು ಕಟ್ಟುತ್ತದೆ. ಮೆಷಿನ್ ಹತ್ತು ನಿಮಿಷ ಚೆನ್ನಾಗಿ ಓಡಿ, ಸ್ವರ ತೆಳ್ಳಗಾಗಿ ನಿಂತು, ಮುಚ್ಚಳ ತಿರುಗಿಸಿದಾಗ ಸುಂಯ್ ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಮತ್ತೆ ಹತ್ತು ನಿಮಿಷ ಓಡಿದರೆ ರೋಗ ಸಿಕ್ಕಿತು. ಒಂದು ರೂಪಾಯಿ ಖರ್ಚಿಲ್ಲ.

ಆಮೇಲೆ ಟ್ಯಾಂಕಿನೊಳಗಿನ ಫಿಲ್ಟರ್. ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಮೀನು ಹಿಡಿದಂತೆ ಹೊರಗೆ ಎಳೆಯಿರಿ. ಬಿಳಿ ಇದ್ದದ್ದು ಕಂದು ಆಗಿದ್ದರೆ ತೊಳೆಯುವ ಉಸಾಬರಿ ಬೇಡ, ಹೊಸದು ಹಾಕಿ.

ಫಿಲ್ಟರ್ ಕೈಯಲ್ಲಿ ಇರುವಾಗಲೇ ಪೈಪ್ ನೋಡಿ. ಇದರ ಮೇಲೆ ಸ್ವಲ್ಪ ಹೊತ್ತು ಕಳೆಯಿರಿ, ಯಾಕೆಂದರೆ ಬಿರುಕು ಕಣ್ಣಿಗೆ ಕಾಣುವ ಜಾಗದಲ್ಲಿ ಇರುವುದಿಲ್ಲ. ಪೈಪ್ ಟ್ಯಾಂಕಿನ ಗೋಡೆ ದಾಟುವ ಕಡೆ, ರಬ್ಬರಿನೊಳಗೆ ಅಡಗಿರುತ್ತದೆ. ಪೈಪನ್ನು ಹೊರಗೆಳೆದು, ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು, ಅರ್ಧ ಇಂಚಿಗೊಮ್ಮೆ ಬಗ್ಗಿಸುತ್ತಾ ತಿರುಗಿಸುತ್ತಾ ಹೋಗಿ. ನೇರ ಇದ್ದಾಗ ಏನೂ ಕಾಣದ ಪೈಪ್ ಬಗ್ಗಿಸಿದಾಗ ಕೂದಲಷ್ಟು ತೆಳ್ಳಗೆ ಬಾಯಿ ತೆರೆಯುತ್ತದೆ, ಬಿಟ್ಟರೆ ಮತ್ತೆ ಮುಚ್ಚುತ್ತದೆ. ಆ ಬಿರುಕಿನಿಂದ ಪೆಟ್ರೋಲ್ ಸೋರುವುದಿಲ್ಲ, ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಪೈಪ್ ಬಿದಿರು ಕಡ್ಡಿಯಂತೆ ಗಟ್ಟಿಯಾಗಿದ್ದರೆ ಬಿರುಕು ಹುಡುಕುವುದೂ ಬೇಡ, ಬದಲಿಸಿ. ಹಾಗೇ, ಸ್ಟಾರ್ಟ್ ಮಾಡುವ ಮುಂಚೆ ಒತ್ತುವ ಪ್ಲಾಸ್ಟಿಕ್ ಗುಳ್ಳೆ ಇದೆಯಲ್ಲ, ಅದು ಬಿರಿದಿದ್ದರೂ ಇದೇ ಕಥೆ. ಪಾರದರ್ಶಕ ಪೈಪ್ ಇದ್ದರೆ ಓಡುವಾಗ ಗಾಳಿಗುಳ್ಳೆಗಳು ಸಾಲಾಗಿ ಹೋಗುವುದು ಕಾಣುತ್ತದೆ.

ಈಗ ಕಾರ್ಬುರೇಟರ್ ಬೋಲ್ಟ್. ನನ್ನ ಪಿಸ್ಟನ್ ತಿಂದದ್ದು ಇದೇ. ಅಲೆನ್ ಕೀ ಹಾಕಿ ಎರಡನ್ನೂ ನೋಡಿ, ಹಿಂದಿನ ಕಪ್ಪು ಪ್ಲಾಸ್ಟಿಕ್ ಸ್ಪೇಸರಿನ ಬೋಲ್ಟನ್ನೂ ಬಿಡಬೇಡಿ. ಬಿಗಿ ಇದ್ದರೂ ಅನುಮಾನ ಇದ್ದರೆ, ಐಡ್ಲಿಂಗಿನಲ್ಲಿ ಸಿರಿಂಜ್‌ನಿಂದ ನಾಲ್ಕೈದು ಹನಿ ನೀರನ್ನು ಕಾರ್ಬುರೇಟರ್ ಮತ್ತು ಸ್ಪೇಸರ್ ಕೂಡುವ ಸಂದಿಗೆ ಬಿಡಿ. ಸ್ವರ ಬದಲಾದರೆ ಅಲ್ಲಿಂದಲೇ ಗಾಳಿ ಹೋಗುತ್ತಿದೆ. ಕೆಲವರು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೋಡುತ್ತಾರೆ, ಪಕ್ಕದಲ್ಲೇ ಕೆಂಡದಂಥ ಸೈಲೆನ್ಸರ್ ಇರುವಾಗ ನನಗಂತೂ ಧೈರ್ಯ ಬರುವುದಿಲ್ಲ. ನೀರೇ ಸಾಕು, ಆದರೆ ಬಿಸಿ ಸಿಲಿಂಡರಿಗೆ ಬೀಳದಂತೆ.

ಪ್ಲಗ್ ಬಣ್ಣ ನಂಬಬಹುದಾ?

ಅರ್ಧ ನಂಬಿ. ಪ್ಲಗ್ ತುದಿ ಕಾಫಿ ಪುಡಿ ಬಣ್ಣ ಇದ್ದರೆ ಸರಿ, ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಹಾಗೆ ಬೆಳ್ಳಗೆ ಒಣಗಿದ್ದರೆ ಲೀನ್. ಎಲ್ಲರೂ ಹೇಳುವುದು ಇಷ್ಟೇ. ಆದರೆ ಐಡ್ಲಿಂಗಿನಲ್ಲಿ ಐದು ನಿಮಿಷ ಬಿಟ್ಟು ತೆಗೆದ ಪ್ಲಗ್ ಯಾವ ಸತ್ಯವನ್ನೂ ಹೇಳುವುದಿಲ್ಲ. ಪೂರ್ತಿ ರೇಸಿನಲ್ಲಿ ಹುಲ್ಲು ಹೊಡೆಯುತ್ತಿರುವಾಗಲೇ ಸ್ವಿಚ್ ಆಫ್ ಮಾಡಿ, ಆರಿದ ಮೇಲೆ ತೆಗೆದು ನೋಡಿದರೆ ಮಾತ್ರ ಅರ್ಥ. ಪೆಟ್ರೋಲಿಗೆ ಬೆರೆಸುವ ಟೂ ಟಿ ಆಯಿಲ್ ಬೇರೆ ಬೇರೆ ಇದ್ದರೆ ಬಣ್ಣವೂ ಬೇರೆ.

ಪ್ಲಗ್ಗಿಗಿಂತ ನಾನು ನಂಬುವುದು ಸೈಲೆನ್ಸರ್ ಕಿಂಡಿಯನ್ನು. ತಣ್ಣಗಾದ ಮೇಲೆ ಸೈಲೆನ್ಸರಿನ ಬೋಲ್ಟ್ ಬಿಚ್ಚಿ, ಪ್ಲಗ್ ತೆಗೆದು, ಹಗ್ಗವನ್ನು ನಿಧಾನ ಎಳೆಯುತ್ತಾ ಮೊಬೈಲ್ ಟಾರ್ಚ್ ಬಿಟ್ಟು ಪಿಸ್ಟನ್ ಮೈ ನೋಡಿ. ಚೆನ್ನಾಗಿರುವ ಪಿಸ್ಟನ್ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳು ಕಾಣುತ್ತವೆ, ಅವು ಫ್ಯಾಕ್ಟರಿಯಲ್ಲಿ ಕಡೆದಾಗಿನವು. ಉದ್ದುದ್ದ ಗೀರು ಇದ್ದರೆ ಕಚ್ಚಲು ಶುರುವಾಗಿದೆ. ಗೀರು ಸೈಲೆನ್ಸರ್ ಬದಿಗೆ ಮಾತ್ರ ಇದ್ದರೆ ಬಿಸಿ, ಅಂದರೆ ಬಹುತೇಕ ಲೀನ್. ಸುತ್ತಲೂ ಇದ್ದರೆ ಯಾರೋ ಆಯಿಲ್ ಹಾಕದೆ ಬರೀ ಪೆಟ್ರೋಲ್ ತುಂಬಿದ್ದಾರೆ. ಕಾರ್ಬುರೇಟರ್ ಬದಿಗೆ ಮಾತ್ರ ಇದ್ದರೆ ಏರ್ ಫಿಲ್ಟರ್ ಇಲ್ಲದೆ ಧೂಳು ಕುಡಿದಿದೆ. ಗೀರು ಕಂಡ ಮೇಲೂ "ಇನ್ನೊಂದು ಟ್ಯಾಂಕ್ ನೋಡುವಾ" ಅನ್ನಬೇಡಿ.

ಕಾರ್ಬುರೇಟರ್ ಒಳಗೆ

ಹೊರಗಿನದ್ದೆಲ್ಲ ಸರಿ ಇದ್ದರೆ ಇಲ್ಲಿಗೆ ಬನ್ನಿ. ಹುಲ್ಲು ಹೊಡೆಯುವ ಮೆಷಿನ್ ಮತ್ತು ಚೈನ್ ಸಾದಲ್ಲಿ ಸಾಮಾನ್ಯವಾಗಿ ಡಯಾಫ್ರಮ್ (ಬಗ್ಗುವ ತೆಳು ಪರದೆ) ಇರುವ ಕಾರ್ಬುರೇಟರ್ ಇರುತ್ತದೆ, ತಲೆಕೆಳಗು ಮಾಡಿದರೂ ಓಡಲಿ ಅಂತ. ಎರಡು ಬದಿ ಮುಚ್ಚಳ ಬಿಚ್ಚಿ, ಒಂದೊಂದು ಪದರ ತೆಗೆದಾಗಲೂ ಫೋಟೋ ತೆಗೆದುಕೊಳ್ಳಿ. ಪ್ಯಾಕಿಂಗ್ ಮೊದಲಾ ಡಯಾಫ್ರಮ್ ಮೊದಲಾ ಅಂತ ಜೋಡಿಸುವಾಗ ಎಲ್ಲರಿಗೂ ಮರೆಯುತ್ತದೆ, ತಿರುಗುಮುರುಗು ಆದರೆ ಹೊಸ ರೋಗ. ಒಳಗೆ ಹಲ್ಲಿಕಣ್ಣಿನಷ್ಟು ಒಂದು ಜಾಲರಿ ಇರುತ್ತದೆ, ಕಸ ಕೂತಿದ್ದರೆ ಅದೇ ಸಾಕು ಪೆಟ್ರೋಲ್ ನಿಲ್ಲಿಸಲು. ಡಯಾಫ್ರಮ್ಮನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಲ್ಲಿ ಮೆಲ್ಲಗೆ ಒತ್ತಿ. ಮೆತ್ತಗಿದ್ದರೆ ಸದ್ದೇ ಬರಬಾರದು. ಹಪ್ಪಳ ಮುರಿದ ಹಾಗೆ ಪಟಪಟ ಅಂದರೆ ಗಟ್ಟಿಯಾಗಿದೆ, ಇಂಜಿನ್ನಿನ ಎಳೆತಕ್ಕೆ ಬಗ್ಗುವುದಿಲ್ಲ, ಪೆಟ್ರೋಲ್ ಬಿಡುವ ಸೂಜಿ ಪೂರ್ತಿ ತೆರೆಯುವುದಿಲ್ಲ. ಕಿಟ್ ಸಿಗುತ್ತದೆ, ಹಾಕಿ. ಜೆಟ್ಟಿಗೆ (ಪೆಟ್ರೋಲ್ ಅಳತೆಯಲ್ಲಿ ಬಿಡುವ ಸಣ್ಣ ತೂತು) ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಮತ್ತೆ ಸಣ್ಣದು ಮಾಡಲಾಗುವುದಿಲ್ಲ.

ಬಿಪಿ ಮೀಟರ್ ಪರೀಕ್ಷೆ

ಇಂಜಿನ್ ಎಲ್ಲಾದರೂ ಗಾಳಿ ಸೋರುತ್ತಿದೆಯಾ ಅಂತ ನೋಡಲು ಇದು ಕೊನೆಯ ಅಸ್ತ್ರ. ವರ್ಕ್‌ಶಾಪಿನಲ್ಲಿ ಇದಕ್ಕೆ ಪಂಪ್ ಇರುತ್ತದೆ, ಮನೆಯಲ್ಲಿ ಹಳೇ ಬಿಪಿ ಮೀಟರ್ ಸಾಕು, ಬಟ್ಟೆ ಸುತ್ತಿ ರಬ್ಬರ್ ಬಲ್ಬ್ ಒತ್ತುವ, ದುಂಡು ಮುಳ್ಳಿನ ಮೀಟರ್ ಇರುವಂಥದ್ದು. ಅಮ್ಮ ದಿನಾ ನೋಡಿಕೊಳ್ಳುವುದನ್ನು ಎತ್ತಿಕೊಂಡು ಹೋಗಬೇಡಿ, ಆಮೇಲೆ ಅದು ಮನುಷ್ಯರಿಗೆ ಆಗುವುದಿಲ್ಲ.

ಒಂದು ಹಳೇ ಪ್ಲಗ್ಗಿನ ಬಿಳಿ ಪಿಂಗಾಣಿ ಒಡೆದು ತೆಗೆದು, ಅದರ ಜಾಗದಲ್ಲಿ ಸಣ್ಣ ಪೈಪ್ ತುಂಡು ಇಟ್ಟು ಎಂ-ಸೀಲ್ ತುಂಬಿ ಒಂದು ರಾತ್ರಿ ಒಣಗಲು ಬಿಡಿ. ಕಾರ್ಬುರೇಟರ್ ಮತ್ತು ಸೈಲೆನ್ಸರ್ ಎರಡನ್ನೂ ಬಿಚ್ಚಿ, ಸೈಕಲ್ ಟ್ಯೂಬ್ ಕತ್ತರಿಸಿ ಎರಡೂ ಕಿಂಡಿಗೆ ಅಡ್ಡ ಇಟ್ಟು, ಮೇಲೆ ದಪ್ಪ ತಗಡಿನ ತುಂಡು ಇಟ್ಟು ಬೋಲ್ಟ್ ಬಿಗಿ ಮಾಡಿ. ಕಾರ್ಬುರೇಟರ್ ಬದಿಯಲ್ಲಿ ದೊಡ್ಡ ಕಿಂಡಿಯ ಪಕ್ಕ ಸೂಜಿ ತೂತಿನಂಥ ಇನ್ನೊಂದು ಇರಬಹುದು, ಟ್ಯೂಬ್ ಅದನ್ನೂ ಮುಚ್ಚಬೇಕು. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಸಿಲಿಂಡರ್ ಮತ್ತು ಕ್ರ್ಯಾಂಕ್‌ಕೇಸ್ ಒಂದೇ ಕೋಣೆ. ಪ್ಲಗ್ ಅಡಾಪ್ಟರ್ ಹಾಕಿ ಬಲ್ಬ್ ಒತ್ತಿ, ಮುಳ್ಳು 300 ಹತ್ತಿರ ಬರಲಿ. ಅದು ಸುಮಾರು 0.4 ಬಾರ್, ಇಷ್ಟೇ ಸಾಕು. ಕಂಪ್ರೆಸರ್ ಗಾಳಿ ಬಿಟ್ಟರೆ ಒಳ್ಳೆಯ ಸೀಲೂ ಹಾಳಾಗುತ್ತದೆ.

ಈಗ ಕೈ ಕಟ್ಟಿ ಕೂತು ಮುಳ್ಳು ನೋಡಿ. ಒಂದೆರಡು ನಿಮಿಷ ಅಲುಗದಿದ್ದರೆ ಒಳ್ಳೆಯದು. ಕಣ್ಣೆದುರೇ ಇಳಿಯುತ್ತಿದ್ದರೆ ಸೋಪಿನ ನೀರು ಬ್ರಷ್ಷಿನಲ್ಲಿ ಹಚ್ಚುತ್ತಾ ಹೋಗಿ: ಮೊದಲು ನೀವೇ ಮುಚ್ಚಿದ ಟ್ಯೂಬ್ ಅಂಚು ಮತ್ತು ಅಡಾಪ್ಟರ್ (ಶೇಕಡಾ ತೊಂಬತ್ತು ಸಲ ನನ್ನದು ಅಲ್ಲೇ ಸೋರುತ್ತದೆ), ಆಮೇಲೆ ಸಿಲಿಂಡರ್ ಬುಡದ ಪ್ಯಾಕಿಂಗ್, ಕ್ರ್ಯಾಂಕ್‌ಕೇಸ್ ಜೋಡಣೆ, ಕೊನೆಗೆ ಮ್ಯಾಗ್ನೆಟ್ ಹಿಂದಿನ ಮತ್ತು ಕ್ಲಚ್ ಹಿಂದಿನ ಸೀಲ್. ಗುಳ್ಳೆ ಎದ್ದ ಕಡೆ ಕೆಲಸ. ಒಂದು ಎಚ್ಚರಿಕೆ: ಸೀಲಿನ ತುಟಿ ಒಳಗಿನ ಒತ್ತಡಕ್ಕೆ ಇನ್ನೂ ಬಿಗಿಯಾಗುತ್ತದೆ, ಎಳೆತಕ್ಕೆ ಮಾತ್ರ ಬಾಯಿ ಬಿಡುವುದೂ ಉಂಟು. ಆ ಪರೀಕ್ಷೆಗೆ ವ್ಯಾಕ್ಯೂಮ್ ಪಂಪ್ ಬೇಕು, ಬಿಪಿ ಬಲ್ಬಿನಿಂದ ಆಗದು. ಓರೆ ಮಾಡಿದಾಗ ಸ್ವರ ಬದಲಾಗಿತ್ತು, ಇಲ್ಲಿ ಮಾತ್ರ ಏನೂ ಸಿಗಲಿಲ್ಲ ಅಂದರೆ ನಾನಾದರೆ ಸೀಲ್ ಬದಲಿಸಿಬಿಡುತ್ತೇನೆ.

ಪೆಟ್ರೋಲೇ ಬದಲಾಗಿದೆ

ಏನೂ ಕೆಟ್ಟಿಲ್ಲ, ಆದರೂ ಹಳೇ ಮೆಷಿನ್ ಲೀನ್ ಅನಿಸುತ್ತಿದೆಯಾ? ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್. ಶುದ್ಧ ಪೆಟ್ರೋಲ್ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು, ಬೆರಕೆಗೆ 13.5ರ ಆಸುಪಾಸು. ಹಳೇ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲಿ ಅಷ್ಟೇ ಇಂಧನ ಬಂದರೂ ಈಗ ಗಾಳಿ ಜಾಸ್ತಿಯಾಯಿತು. ಸ್ಕ್ರೂ ಸ್ವಲ್ಪ ಎಡಕ್ಕೆ ತಿರುಗಿಸಲು ಇದೊಂದು ನ್ಯಾಯವಾದ ಕಾರಣ. ಇನ್ನೂ ಆರ್‌ಎಕ್ಸ್ 100, ಯೆಜ್ಡಿಯಂಥ ಹಳೇ ಟೂ ಸ್ಟ್ರೋಕ್ ಬೈಕ್ ಇಟ್ಟುಕೊಂಡವರಿಗೂ ಇದೇ ಮಾತು, ಅವರು ಸ್ಕ್ರೂ ಬದಲು ಮೇನ್ ಜೆಟ್ ಒಂದು ನಂಬರ್ ಏರಿಸಬೇಕಾಗಬಹುದು.

ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನ್ ಕೊಟ್ಟಿಗೆಯ ಮೂಲೆಯಲ್ಲಿ ಎರಡು ತಿಂಗಳು ಇಟ್ಟರೆ ಇನ್ನೂ ಕೆಟ್ಟದ್ದು. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಜಾಸ್ತಿಯಾದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಅಡಿಗೆ ಕೂರುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಫಿಲ್ಟರ್ ಇರುವುದು ಎಲ್ಲಿ? ಅಡಿಯಲ್ಲಿ. ಗಾಜಿನ ಬಾಟಲಿಗೆ ಸ್ವಲ್ಪ ಸುರಿದು ಬೆಳಕಿಗೆ ಹಿಡಿದರೆ ಎರಡು ಪದರ ಕಾಣುತ್ತದೆ. ಕಂಡರೆ ಅದನ್ನು ಮೆಷಿನ್ನಿಗೆ ಹಾಕಬೇಡಿ.

ಆಯಿಲ್ ಅಳತೆ ಮೆಷಿನ್ ಪುಸ್ತಕದಲ್ಲಿ ಇದ್ದಂತೆ. 1:50 ಅಂದರೆ ಲೀಟರಿಗೆ 20 ಮಿ.ಲೀ., 1:25 ಅಂದರೆ 40. ಲೀನ್ ಆಗಿದೆ ಅಂತ ಆಯಿಲ್ ಜಾಸ್ತಿ ಸುರಿದರೆ ಅಷ್ಟು ಪೆಟ್ರೋಲ್ ಕಮ್ಮಿಯಾಗಿ ಇನ್ನೂ ಒಂದು ಗುಲಗಂಜಿ ಲೀನ್ ಆಗುತ್ತದೆಯೇ ಹೊರತು ರಿಚ್ (ಪೆಟ್ರೋಲ್ ಜಾಸ್ತಿ) ಆಗುವುದಿಲ್ಲ.

ಈಗ ಸ್ಕ್ರೂ

ಸೋರಿಕೆ ಸಿಕ್ಕಿ ಸರಿಯಾಗಿದೆ, ಫಿಲ್ಟರ್ ಹೊಸದು, ಪೆಟ್ರೋಲ್ ತಾಜಾ. ಏರ್ ಫಿಲ್ಟರ್ ಹಾಕಿಯೇ ಟ್ಯೂನ್ ಮಾಡಿ, ತೆಗೆದು ಮಾಡಿದರೆ ಲೆಕ್ಕ ತಪ್ಪುತ್ತದೆ. ಕಾರ್ಬುರೇಟರ್ ಸ್ಕ್ರೂಗಳ ಪಕ್ಕ ಅಕ್ಷರ ಇರುತ್ತದೆ: ಎಲ್ ಅಂದರೆ ಕಮ್ಮಿ ರೇಸಿನದು, ಎಚ್ ಅಂದರೆ ಪೂರ್ತಿ ರೇಸಿನದು, ಟಿ ಅಂತ ಬರೆದದ್ದು ಐಡ್ಲಿಂಗಿನದು. ಕೆಲವದರಲ್ಲಿ ಎಚ್ ಇರುವುದೇ ಇಲ್ಲ, ಜೆಟ್ ಖಾಯಂ. ಎಲ್ ಮತ್ತು ಎಚ್ ಬಲಕ್ಕೆ ತಿರುಗಿಸಿದರೆ ಲೀನ್, ಎಡಕ್ಕೆ ರಿಚ್. ಎಷ್ಟು ಸುತ್ತು ಬಿಚ್ಚಿತ್ತು ಅಂತ ಎಣಿಸುತ್ತಾ ಮೆಲ್ಲಗೆ ಬಲಕ್ಕೆ ಪೂರ್ತಿ ಮುಚ್ಚಿ, ಬರೆದುಕೊಂಡು, ಆಮೇಲೆ ಪುಸ್ತಕದ ಅಳತೆಗೆ ಬಿಚ್ಚಿ. ಪುಸ್ತಕ ಕಳೆದುಹೋಗಿದ್ದರೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಸುತ್ತಿನ ಮಧ್ಯೆ ಸ್ಟಾರ್ಟ್ ಆಗುತ್ತದೆ.

ಎರಡು ಮೂರು ನಿಮಿಷ ಬಿಸಿ ಮಾಡಿ. ಎಲ್ ಸ್ಕ್ರೂವನ್ನು ಐಡ್ಲಿಂಗ್ ಅತಿ ಜೋರಾಗುವ ಕಡೆ ತಂದು, ಅಲ್ಲಿಂದ ಎಡಕ್ಕೆ ಅರೆಪಾವು ಸುತ್ತು. ರೇಸ್ ಕೊಟ್ಟರೆ ಮುಗ್ಗರಿಸದೆ ಏಳಬೇಕು. ಬ್ಲೇಡ್ ಐಡ್ಲಿಂಗಿನಲ್ಲಿ ತಿರುಗುತ್ತಿದ್ದರೆ ಟಿ ಇಳಿಸಿ. ಎಚ್‌ಗೆ ಪೂರ್ತಿ ರೇಸ್ ಕೊಟ್ಟು, ಒಡಕು ಸ್ವರ ಬರುವ ತನಕ ಎಡಕ್ಕೆ, ಆಮೇಲೆ ಆ ಒಡಕು ಇದೆಯೋ ಇಲ್ಲವೋ ಅನ್ನುವ ತನಕ ಬಲಕ್ಕೆ, ಅಲ್ಲೇ ಬಿಡಿ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಖಾಲಿ ರೇಸ್ ಬೇಡ. ಹುಲ್ಲಿಗೆ ಹಾಕಿ ನೋಡಿ, ಒಡಕು ಹೋದರೆ ಆಯಿತು. ಸ್ವಲ್ಪ ಹೊಗೆ ಜಾಸ್ತಿ ಬಂದರೆ ಬರಲಿ ಬಿಡಿ.

ಮೊದಲ ಟ್ಯಾಂಕ್ ಮುಗಿದ ಮೇಲೆ ಕಾರ್ಬುರೇಟರ್ ಬೋಲ್ಟ್ ಇನ್ನೊಮ್ಮೆ ನೋಡಿ. ಮತ್ತೆ, ಈ ಟ್ಯೂನಿಂಗ್ ಊರಿಗೆ ಅಂಟಿಕೊಂಡದ್ದು. ಎತ್ತರದಲ್ಲಿ ಗಾಳಿ ತೆಳು, ತಗ್ಗಿನಲ್ಲಿ ದಪ್ಪ. ಸಾವಿರ ಮೀಟರಿಗಿಂತ ಎತ್ತರದ ಮಡಿಕೇರಿಯಲ್ಲಿ ಟ್ಯೂನ್ ಮಾಡಿದ ಮೆಷಿನ್ನನ್ನು ಭಾವ ಕುಂದಾಪುರಕ್ಕೆ ಒಯ್ದು ತೆಂಗಿನ ತೋಟದಲ್ಲಿ ಓಡಿಸಿದರೆ ಏನೂ ಮುಟ್ಟದೆಯೇ ಲೀನ್ ಆಗಿರುತ್ತದೆ. ಸ್ಕ್ರೂಡ್ರೈವರನ್ನೂ ಜೊತೆಗೆ ಕೊಟ್ಟು ಕಳಿಸಿ.